ಚಿಗವ್ವ ಯಾವ ಪಾರ್ಟಿ?

2019ರ ಜನವರಿ ಒಂದನೇ ತಾರೀಖು ಕೇರಳದ ಹೆಂಗಸರು ಕಾಸರಗೋಡಿನಿಂದ ತಿರುವನಂತಪುರದ ತನಕ, ಸುಮಾರು 620 ಕಿಲೋಮೀಟರ್, ಗಂಡಿಗೆ ಹೆಣ್ಣು ಸಮ ಅಂತ ಸಾಲಾಗಿ ನಿಂತರು. ಮುಟ್ಟಾಗೋ ವಯಸ್ಸಿನ ಹೆಂಗಸರನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಗಲಾಟೆ ನಡೆದಿದ್ದ ಶಬರಿಮಲೆ ದೇವಸ್ಥಾನದ ಒಳಗೆ ಮರುದಿನ ಇಬ್ಬರು ಹೆಂಗಸರು ಹೋದರು. ಸಿಂಧನೂರಿನ ನನ್ನ ಹೊಲಿಗೆ ಅಂಗಡಿಗೆ ಬ್ಲೌಸ್ ಅಳತೆ ಕೊಡೋಕೆ ಬಂದವರ ಬಾಯಲ್ಲೂ ಅದೇ ಮಾತು. ಕೇರಳದ ಮುಖ ನೋಡದವರೂ ಒಂದೋ ಪರ, ಇಲ್ಲಾ ವಿರೋಧ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಜಗಳವಾಡಿ ನಮ್ಮ ಭಾವನೋರು, ಅವರ ತಮ್ಮ ಮಾತು ಬಿಟ್ಟರು.

ಅದೇ ತಿಂಗಳು 19ಕ್ಕೆ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ ಹೊರಟಿತು. ಸುಮಾರು 200 ಕಿಲೋಮೀಟರ್, ಸಾವಿರಾರು ಹೆಂಗಸರು, ನಮ್ಮ ರಾಯಚೂರು ಜಿಲ್ಲೆಯವರು ದಂಡಿಯಾಗಿ ಹೋಗಿದ್ದರು. ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಅಪಘಾತದಲ್ಲಿ ಜೀವ ಬಿಟ್ಟಳು. ನಮ್ಮ ಚಿಗವ್ವನೂ ಆ ಗುಂಪಿನಲ್ಲಿದ್ದಳು. ಬಾರು ಕಿತ್ತ ಹವಾಯಿ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ನಡೆಯೋ ಅವಳ ಫೋಟೊ ಗ್ರೂಪಿಗೆ ಹಾಕಿದೆ.

"ಚಿಗವ್ವ ಯಾವ ಪಾರ್ಟಿ ಸೇರ್ಯಾಳ?" ಅಂತ ಮೊದಲ ಉತ್ತರ.

"ಶಬರಿಮಲಿ ಗಲಾಟಿ ಆದಾಗ ಎಲ್ಲಿದ್ರಂತ ಇವರು?" ಅಂತ ಎರಡನೇದು.

ಎಲ್ಲಿರ್ತಾರ್ರೀ, ಹತ್ತಿ ಬಿಡಿಸ್ತಿದ್ರು.

ಆ ಕಡೆ, ಬೆಂಗಳೂರಿನ ನನ್ನ ಗೆಳತಿ, ಬಹಳ ಓದಿಕೊಂಡಾಕಿ, ಕುಡಿಯೋದು ಬಿಡೋದು ಅವರವರ ಹಕ್ಕು, ಇದು ನೈತಿಕ ಪೊಲೀಸ್‌ಗಿರಿ ಅಂತ ಫೇಸ್‌ಬುಕ್ಕಿನಲ್ಲಿ ಬರೆದಳು. ಅಲ್ಲಿಗೆ ಚಿಗವ್ವ ಒಬ್ಬರಿಗೆ ಕೆಂಪು ಬಾವುಟ, ಇನ್ನೊಬ್ಬರಿಗೆ ಪೊಲೀಸು. ಅವಳು ಕೇಳಿದ್ದು ಇಷ್ಟೇ: ಕಿರಾಣಿ ಅಂಗಡ್ಯಾಗ ಕದ್ದು ಮಾರೋ ಮದ್ಯದ ಪಾಕೀಟು ನಿಲ್ಲಬೇಕು, ಊರಿಗೆ ಮದ್ಯ ಬೇಕೋ ಬೇಡೋ ಗ್ರಾಮಸಭೆ ಹೇಳಬೇಕು. ಇದರ ಬಗ್ಗೆ ಎರಡೂ ಕಡೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಯಾವ ಪೋಸ್ಟನ್ನು ಜನರಿಗೆ ಮೊದಲು ತೋರಿಸಬೇಕು ಅಂತ ಲೆಕ್ಕ ಹಾಕುವಾಗ ಫೇಸ್‌ಬುಕ್ 2017ರಲ್ಲಿ ಕೋಪದ ಮುಖವೂ ಸೇರಿದಂತೆ ಇಮೋಜಿಗಳಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. 2021ರಲ್ಲಿ ಹೊರಬಿದ್ದ ಆ ಕಂಪನಿಯದೇ ಕಾಗದಪತ್ರಗಳಿಂದ ಇದು ಗೊತ್ತಾಯಿತು. ಕೋಪದ ತೂಕವನ್ನು ಸೊನ್ನೆ ಮಾಡಿದ್ದು 2020ರಲ್ಲಿ. (ಅಷ್ಟೊತ್ತಿಗೆ ಭಾವನೋರಿಗೆ ಸಿಟ್ಟಿನ ಚಟ ಹತ್ತಿಬಿಟ್ಟಿತ್ತು.) ಪಿನ್ನು ಚುಚ್ಚಿದ ಚಪ್ಪಲಿ ನೋಡಿ ಯಾರಿಗೆ ಸಿಟ್ಟು ಬರ್ತದ? ಅದಕ್ಕೊಂದು ಪಾರ್ಟಿ ಹೆಸರು ಅಂಟಿಸಿದರೆ ಮಾತ್ರ ಓಡ್ತದ. ಹೆಂಗಸರು ಬೀದಿಗೆ ಇಳಿದಾಗಲೆಲ್ಲ ಏನು ಕೇಳಿದರು ಅನ್ನೋದಕ್ಕಿಂತ ಯಾರು ಕಳಿಸಿದರು ಅನ್ನೋದೇ ಮೇಲೆ ಬರೋದು ಹೀಗೆ.

ಚಿಗವ್ವನ ಬೇಡಿಕೆಯನ್ನೂ ಪ್ರಶ್ನೆ ಮಾಡಬಹುದು, ಮಾಡಲೇಬೇಕು. ನಮ್ಮ ಕಾಕಾ ಮಾಡಿದ. ಅವನ ಹತ್ತಿರ ಇರೋದು ಬಟನ್ ಫೋನು. ಅವಳು ಊರಿಗೆ ಬಂದ ಮೇಲೆ ಕಟ್ಟೆ ಮೇಲೆ ಕೂತು ಶುರು ಹಚ್ಚಿಕೊಂಡ: "2007ರಾಗ ಸಾರಾಯಿ ಬಂದ್ ಮಾಡಿದ್ರು. ಏನಾತು? ಪಾಕೀಟು ಬಂತು. ಇದನ್ನೂ ಬಂದ್ ಮಾಡಿದ್ರ ತೆಲಂಗಾಣದಿಂದ ತರ್ತಾರ."

"ಅಲ್ಲಿಂದ ತರಾಕ ಗಾಡಿ ಬೇಕು, ಪೆಟ್ರೋಲ್ ಬೇಕು. ಈಗ ಲುಂಗಿ ಮ್ಯಾಲೆ ನಾಕು ಹೆಜ್ಜಿ ಹೋದ್ರ ಸಿಗ್ತದ."

"ಹಂಗಾರ ಗಾಡಿ ಇದ್ದಾಂವ ಕುಡಿಯಬೌದು, ಕೂಲಿಯಾಂವ ಕುಡಿಯಬಾರದು?"

ಚಿಗವ್ವ ತಟಕ್ಕನೆ ಉತ್ತರ ಕೊಡಲಿಲ್ಲ. ಆಮೇಲೆ, ಕೂಲಿಯವನ ಪಗಾರ ಮನಿ ಮುಟ್ಟೋದು ಮೊದಲು, ನ್ಯಾಯ ಆಮ್ಯಾಲೆ ನೋಡೂಣು ಅಂದಳು. ಕಾಕಾ ಒಪ್ಪಲಿಲ್ಲ. ದೀಪ ಹಚ್ಚೋ ಹೊತ್ತಿನ ತನಕ ಇಬ್ಬರೂ ಅಲ್ಲೇ ಕೂತು ವಾದ ಮಾಡಿದರು. ಪಾರ್ಟಿ ಹೆಸರು ಒಮ್ಮೆಯೂ ಬರಲಿಲ್ಲ.