ಡಿಸೆಂಬರ್ 26ರ ಬೆಳಗಾವಿ

2024ರ ಡಿಸೆಂಬರ್ ಕೊನೆಯ ವಾರ ಬೆಳಗಾವಿಯಲ್ಲಿ ಗಾಡಿ ಓಡಿಸುವುದೇ ಒಂದು ಸಾಹಸ. ಸುವರ್ಣಸೌಧದ ಅಧಿವೇಶನ ಮುಗಿಯಿತು ಅನ್ನುವಷ್ಟರಲ್ಲಿ ಕಾಂಗ್ರೆಸ್ ಅಧಿವೇಶನದ ನೂರನೇ ವರ್ಷದ ಗದ್ದಲ ಶುರುವಾಗಿತ್ತು. ಊರಿಗೆ ಊರೇ ಮೈಸೂರು ದಸರಾದ ಹಾಗೆ ದೀಪ ಹಾಕಿಕೊಂಡಿತ್ತು. ಪಕ್ಷ ಯಾವುದಾದರೇನು, ದೀಪ ನೋಡಲು ಟಿಕೆಟ್ ಇಲ್ವಲ್ಲ! 26ರ ಸಂಜೆ ಅಪ್ಪ ಮತ್ತು ಅಕ್ಕನ ಮಗನನ್ನು ಕರೆದುಕೊಂಡು ಅನಗೋಳದಿಂದ ನಡೆದೇ ಹೊರಟೆ.

ಟಿಳಕವಾಡಿ ಬಂದ ಮೇಲೆ ಅಪ್ಪನ ಮಾತು ನಿಲ್ಲಲಿಲ್ಲ. 1924ರ ಡಿಸೆಂಬರ್ 26, 27ರಂದು ಅಧಿವೇಶನ ನಡೆದದ್ದು ಇಲ್ಲೇ. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದು ಜೀವನದಲ್ಲಿ ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ಎಲ್ಲ ವ್ಯವಸ್ಥೆ ಮಾಡಿಸಿದರು. ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟರು, ನೀರಿಗಾಗಿ ಬಾವಿ ತೋಡಿಸಿ ಪಂಪಾ ಸರೋವರ ಅಂದರು. ನಮಗೆಲ್ಲ ಅದು ಕಾಂಗ್ರೆಸ್ ಬಾವಿ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಮೊಳಗಿದ್ದೂ ಅಲ್ಲೇ. ಗಂಗೂಬಾಯಿ ಹಾನಗಲ್ ಆಗಿನ್ನೂ ಸಣ್ಣ ಹುಡುಗಿ, ಅವರೂ ಹಾಡಿದ್ದರು.

“ಅಜ್ಜಾ, 26ಕ್ಕ ಯಾಕ ಮಾಡಿದ್ರು?” ಅಂದ ಹುಡುಗ.

“ಕ್ರಿಸ್ಮಸ್ ಸೂಟಿ ನೋಡಪಾ. ಕೋರ್ಟು ಬಂದ್ ಇರ್ತಿದ್ವು. ಆಗಿನ ಲೀಡರ್ ಭಾಳ ಮಂದಿ ವಕೀಲರ.”

ಅಪ್ಪ ಹೇಳಿದ್ದು ನಿಜ. 1885ರಲ್ಲಿ ಮುಂಬೈಯ ಮೊದಲ ಅಧಿವೇಶನ ಸೇರಿದ್ದೂ ಡಿಸೆಂಬರ್ 28ಕ್ಕೆ. ನಾವು ಪವಾಡದಂತೆ ನೋಡುವ ಎಷ್ಟೋ ತಾರೀಖುಗಳ ಹಿಂದೆ ಇಂಥ ಸಾದಾ ಲೆಕ್ಕ ಇರುತ್ತದೆ. ಜನವರಿ 26 ಕೂಡ ಹಾಗೇ. 1930ರಲ್ಲಿ ಅವತ್ತು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರು ಅಂತಲೇ 1950ರಲ್ಲಿ ಸಂವಿಧಾನ ಜಾರಿಗೆ ಅದೇ ದಿನ ಆರಿಸಿದರು. ಆದರೆ 1831ರಲ್ಲಿ ನಮ್ಮ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದೂ ಜನವರಿ 26ರಂದೇ. ಅದನ್ನು ಮಾತ್ರ ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ.

ಮನೆಗೆ ಬಂದು ಊಟ ಮಾಡಿ ಅಪ್ಪ ಟಿವಿ ಹಾಕಿದರು. ದೆಹಲಿಯ ಏಮ್ಸ್‌ನಲ್ಲಿ ಮನಮೋಹನ್ ಸಿಂಗ್ ತೀರಿಕೊಂಡಿದ್ದರು. 92 ವರ್ಷ. ಮಧ್ಯಾಹ್ನ ಇಲ್ಲಿ ಸಭೆ ನಡೆಸಿದ ನಾಯಕರೆಲ್ಲ ರಾತ್ರಿಯೇ ದೆಹಲಿಗೆ ಹೊರಟರು.

ನನಗೆ ಆಗ ನೆನಪಾದದ್ದು ಸುನಾಮಿ. 2004ರ ಡಿಸೆಂಬರ್ 26. ಸಿಂಗ್ ಪ್ರಧಾನಿಯಾಗಿ ಏಳು ತಿಂಗಳಾಗಿತ್ತು ಅಷ್ಟೇ. ಅಂಡಮಾನ್, ನಾಗಪಟ್ಟಿಣದ ಆ ದೃಶ್ಯಗಳನ್ನು ಯಾರು ಮರೆಯುತ್ತಾರೆ? ಹೊರದೇಶದ ಸರ್ಕಾರಗಳ ಸಹಾಯ ಬೇಡ, ನಾವೇ ನಿಭಾಯಿಸುತ್ತೇವೆ ಅಂತ ಆಗ ಭಾರತ ಹೇಳಿತ್ತು. ಅದು ಸರಿಯೋ ತಪ್ಪೋ ಅಂತ ನಮ್ಮ ಮನೆಯಲ್ಲೇ ಜಗಳ ಆಗಿತ್ತು. ಈಗಲೂ ನಾನು ಸರಿ ಅಂತೀನಿ, ಅಪ್ಪ ಒಪ್ಪಲ್ಲ. ಸಿಂಗ್ ಹುಟ್ಟಿದ್ದೂ 26ಕ್ಕೇ, ಸೆಪ್ಟೆಂಬರ್‌ನಲ್ಲಿ.

ಮರುದಿನ ರಾಜ್ಯಕ್ಕೆಲ್ಲ ರಜೆ. ಹುಡುಗನಿಗೆ ಖುಷಿ, ಹೇಳಿಕೊಳ್ಳುವ ಹಾಗಿಲ್ಲ. 27ರ ದೊಡ್ಡ ಸಮಾವೇಶ ನಿಂತಿತು. ಲಕ್ಷ ಜನ ಬರ್ತಾರೆ ಅಂತ ಕಾದಿದ್ದ ಹೋಟೆಲಿನವರ, ಆಟೋದವರ ಮುಖ ಸಣ್ಣಗಾಗಿತ್ತು.

ಸಮಾವೇಶ ಕಡೆಗೆ ಜನವರಿ 21ಕ್ಕೆ ನಡೆಯಿತು. ತಾರೀಖು ಕೇಳಿದ್ದೇ ತಡ, ಅಪ್ಪ ಅಂದರು: “2019ರಾಗ ಸಿದ್ಧಗಂಗಾ ಅಜ್ಜಾರು ಲಿಂಗೈಕ್ಯ ಆದ ದಿನ ಅದು.”