ಕನ್ನಡಿಗರು ಯಾರಾದ್ರೂ ರಾಷ್ಟ್ರಪತಿ ಆಗಿದ್ದಾರಾ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಪರೀಕ್ಷೆಗೆ ಬೇಕಾದ ಉತ್ತರ ಚಿಕ್ಕದು. ಚುನಾವಣೆಯಲ್ಲಿ ಗೆದ್ದು ಯಾರೂ ಆಗಿಲ್ಲ. ಹಂಗಾಮಿಯಾಗಿ ಬಿ.ಡಿ. ಜತ್ತಿ ಇದ್ದರು, 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ. ಆದರೆ ಹಂಗಾಮಿ ಅಂದ ಕೂಡಲೇ "ಓ, ಸುಮ್ನೆ ಕುರ್ಚಿ ಕಾದವರು" ಅಂದುಬಿಡುತ್ತಾರೆ. ಅದಕ್ಕೆ ನನ್ನ ತಕರಾರಿದೆ.

ಜತ್ತಿ ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ವಕೀಲರು. ಮೊದಲು ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿ, ಆಮೇಲೆ ಮುಂಬೈ ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ ಸಂಪುಟದ ಉಪಮಂತ್ರಿ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯ್ದೆ ಅವರ ಕಾಲದ್ದು, ನಾವು ಮಾತ್ರ ಭೂಸುಧಾರಣೆ ಅಂದರೆ ದೇವರಾಜ ಅರಸು ಒಬ್ಬರನ್ನೇ ನೆನೆಯುತ್ತೇವೆ. ಮುಂದೆ ಪುದುಚೇರಿಯಲ್ಲಿ ಲೆಫ್ಟಿನೆಂಟ್ ಗವರ್ನರ್, ಒಡಿಶಾದಲ್ಲಿ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ ಹುದ್ದೆ.

1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡು ಉಪರಾಷ್ಟ್ರಪತಿ ಜತ್ತಿ ಹಂಗಾಮಿಯಾದಾಗ ಲೋಕಸಭಾ ಚುನಾವಣೆಯ ಕಾವು ಏರಿತ್ತು. ಮಾರ್ಚ್‌ನಲ್ಲಿ ಇಂದಿರಾ ಸೋತರು. ತುರ್ತು ಪರಿಸ್ಥಿತಿ ಹಿಂತೆಗೆದುಕೊಂಡ ಆದೇಶಕ್ಕೆ ಸಹಿ ಹಾಕಿದ್ದು ಜತ್ತಿ. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದ್ದೂ ಅವರೇ. ಆ ಪ್ರಧಾನಿ ಯಾರು? ಅವರ ಹಳೇ ಮುಖ್ಯಮಂತ್ರಿ ಮೊರಾರ್ಜಿ!

ನಿಜವಾದ ಇಕ್ಕಟ್ಟು ಬಂದದ್ದು ಏಪ್ರಿಲ್ ಕೊನೆಯಲ್ಲಿ. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕು ಅಂತ ಮೊರಾರ್ಜಿಯವರ ಜನತಾ ಪಕ್ಷದ ಸರ್ಕಾರ ಹೊರಟಿತು. ಲೋಕಸಭೆಯಲ್ಲಿ ಜನ ನಿಮ್ಮನ್ನು ತಿರಸ್ಕರಿಸಿದ್ದಾರೆ ಅನ್ನುವುದು ಗೃಹಮಂತ್ರಿ ಚರಣ್ ಸಿಂಗ್ ವಾದ. ಕರ್ನಾಟಕ ಈ ಪಟ್ಟಿಯಲ್ಲಿರಲಿಲ್ಲ. ಇಲ್ಲಿ 28ರಲ್ಲಿ 26 ಸೀಟು ಕಾಂಗ್ರೆಸ್‌ಗೇ ಬಂದಿತ್ತಲ್ಲ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ರಂದು ಸೋತವು. ಕಡತ ಜತ್ತಿ ಮುಂದೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೋ ಗದ್ದಲ. ಮರುದಿನ, 30ಕ್ಕೆ, ಸಹಿ ಬಿತ್ತು.

ಹಳೇ ಕಾಂಗ್ರೆಸ್ಸಿಗ, ಪಕ್ಷದ ಋಣ ತೀರಿಸಿದರು ಅಂತ ಟೀಕಿಸುವವರಿದ್ದಾರೆ. ಅದನ್ನು ಪೂರ್ತಿ ತಳ್ಳಿಹಾಕಲಾರೆ. 1973ರಲ್ಲಿ ಒಡಿಶಾ ರಾಜ್ಯಪಾಲರಾಗಿದ್ದಾಗ, ಬಹುಮತ ನಮಗಿದೆ ಎಂದ ವಿರೋಧ ಪಕ್ಷದ ನಾಯಕ ಬಿಜು ಪಟ್ನಾಯಕರನ್ನು ಸರ್ಕಾರ ರಚಿಸಲು ಕರೆಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದವರು ಇದೇ ಜತ್ತಿ. ಆಗ ಇಲ್ಲದ ಹಿಂಜರಿಕೆ ಈಗ ಎಲ್ಲಿಂದ ಬಂತು, ಅಲ್ವಾ?

ಆದರೂ ಆ ಒಂದು ದಿನ ತಡೆದದ್ದು ತಪ್ಪಲ್ಲ ಅಂತಲೇ ನನ್ನ ಲೆಕ್ಕ. ಇಂದಿರಾ ಕಾಲದ 42ನೇ ತಿದ್ದುಪಡಿ ರಾಷ್ಟ್ರಪತಿಯ ಕೈ ಕಟ್ಟಿಹಾಕಿತ್ತು: ಸಂಪುಟ ಹೇಳಿದಂತೆ ನಡೆಯಲೇಬೇಕು. ಇನ್ನೊಮ್ಮೆ ಯೋಚಿಸಿ ಎಂದು ಸಂಪುಟಕ್ಕೆ ಸಲಹೆಯನ್ನು ಒಂದು ಸಲ ವಾಪಸ್ ಕಳಿಸುವ ಅಧಿಕಾರ ಸಂವಿಧಾನಕ್ಕೆ ಸೇರಿದ್ದು ಮರುವರ್ಷ, 44ನೇ ತಿದ್ದುಪಡಿಯಲ್ಲಿ. ಅದನ್ನು ತಂದದ್ದು ಅದೇ ಜನತಾ ಸರ್ಕಾರ.