ಕುಂತಿಬೆಟ್ಟಕ್ಕೊಂದು ಕಂಪಾಸ್ ಚಾರಣ: ಯಾವುದು ಕೊಳ್ಳಬೇಕು, ಹೇಗೆ ಪರೀಕ್ಷಿಸಬೇಕು

ಹೊಸ ಕಂಪಾಸನ್ನು ಮೊದಲ ಸಲ ದೊಡ್ಡ ಕಾಡಿನ ನಡುವೆ ಚೀಲದಿಂದ ತೆಗೆಯಬೇಡಿ. ಅದಕ್ಕೂ ಮುಂಚೆ ಒಂದು ಬೆಳಗ್ಗೆ ಪಾಂಡವಪುರದ ಕುಂತಿಬೆಟ್ಟ ಹತ್ತಿ ಬನ್ನಿ. ಮೈಸೂರು, ಮಂಡ್ಯದ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬೋಳು ಬಂಡೆ, ಮೇಲೆ ನಿಂತರೆ ಸುತ್ತಲೂ ಗುರುತು ಹಿಡಿಯಬಹುದಾದ ಊರು, ಕೆರೆ, ಬೆಟ್ಟಗಳು. ಕಂಪಾಸ್ ನಿಜ ಹೇಳುತ್ತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನಾನು ಈ ಸಲ ಹೋಗಿದ್ದು ತಂಗಿಯ ಮಗನ ಜೊತೆ. ಅವನು ಹಿಮಾಲಯದ ಚಾರಣಕ್ಕೆ ತಯಾರಾಗುತ್ತಿದ್ದಾನೆ. ಅಮೆರಿಕದಲ್ಲಿರುವ ಗೆಳೆಯನೊಬ್ಬ ಅವನಿಗೆ ಒಂದು ಚೆಂದದ ಕಂಪಾಸ್ ತಂದುಕೊಟ್ಟಿದ್ದ. ನನ್ನ ಹತ್ತಿರ ನನ್ನ ಹಳೆಯದು ಇತ್ತು. ಮೈಸೂರಿನಿಂದ ಶ್ರೀರಂಗಪಟ್ಟಣದ ಮೇಲೆ ಪಾಂಡವಪುರಕ್ಕೆ ಬಸ್ಸುಗಳಿವೆ. ರೈಲೂ ಇದೆ, ಆದರೆ ಸ್ಟೇಷನ್ ಊರಿಂದ ದೂರ, ಆಟೋ ಹಿಡಿಯಬೇಕು. ಆದಷ್ಟು ಬೇಗ ಹೊರಡಿ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ನೆರಳು ಕಡಿಮೆ. ನೀರು ಜಾಸ್ತಿ ಇಟ್ಟುಕೊಳ್ಳಿ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಮಳೆ ಬಿದ್ದ ದಿನ ಬೇಡವೇ ಬೇಡ, ಬಂಡೆ ಜಾರುತ್ತದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹೊತ್ತಿಗೆ ಹೋದರೆ ಆ ವಾಸನೆಗೇ ಅರ್ಧ ಹಸಿವಾಗುತ್ತದೆ.

ಮೇಲೆ ಹೋಗಿ ಒಂದು ಸಮತಟ್ಟಾದ ಬಂಡೆ ನೋಡಿ ಎರಡೂ ಕಂಪಾಸನ್ನು ಇಟ್ಟೆವು, ನಡುವೆ ಎರಡು ಮಾರು ಜಾಗ ಬಿಟ್ಟು. ಹತ್ತಿರ ಇಟ್ಟರೆ ಒಂದರ ಮುಳ್ಳು ಇನ್ನೊಂದನ್ನು ಎಳೆಯುತ್ತದೆ. ನನ್ನದು ಒಂದೆರಡು ಸಲ ತೂಗಿ ನಿಂತಿತು. ಅವನದು ಸ್ವಲ್ಪ ತಿರುಗಿ ಎಲ್ಲೋ ಒಂದು ಕಡೆ ಹಿಡಿದುಕೊಂಡಿತು. ಬೆರಳಲ್ಲಿ ತಟ್ಟಿದರೆ ಬೇರೆ ಕಡೆಗೆ ಹೋಗಿ ನಿಂತಿತು.

"ಮಾವ, ಇದು ಕೆಟ್ಟೋಗಿದೆಯಾ?" ಅಂದ.

ಕೆಟ್ಟಿರಲಿಲ್ಲ. ಬಗ್ಗಿ ಪಕ್ಕದಿಂದ ನೋಡಿದರೆ ಮುಳ್ಳಿನ ಕೆಂಪು ತುದಿ, ಅಂದರೆ ಉತ್ತರದ್ದು, ಮೇಲೆದ್ದಿತ್ತು, ಬಿಳಿ ತುದಿ ಕೆಳಗೆ ವಾಲಿ ತಳಕ್ಕೆ ಉಜ್ಜುತ್ತಿತ್ತು. ಕಾರಣ ಭೂಮಿಯದ್ದು. ಉತ್ತರ ಅಮೆರಿಕ, ಯುರೋಪಿನಲ್ಲಿ ಭೂಮಿಯ ಕಾಂತ ಮುಳ್ಳಿನ ಉತ್ತರ ತುದಿಯನ್ನು ಕೆಳಕ್ಕೂ ಎಳೆಯುತ್ತದೆ. ಅದನ್ನು ಸರಿದೂಗಿಸಲು ಅಲ್ಲಿಗೆ ಮಾಡುವ ಕಂಪಾಸಿನಲ್ಲಿ ದಕ್ಷಿಣದ ಕಡೆಗೆ ತೂಕ ಕೊಡುತ್ತಾರೆ. ನಮ್ಮಲ್ಲಿ ಆ ಕೆಳಮುಖದ ಎಳೆತ ತೀರಾ ಕಡಿಮೆ. ಆ ಎಳೆತವೇ ಇಲ್ಲದ ರೇಖೆ, ಅಂದರೆ ಭೂಕಾಂತದ ಸಮಭಾಜಕ ರೇಖೆ, ನಮಗೆ ದಕ್ಷಿಣದಲ್ಲಿ, ಕೇರಳ–ತಮಿಳುನಾಡಿನ ತುದಿಯ ಕಡೆಗೇ ಹಾದುಹೋಗುತ್ತದೆ. ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿಂದ 1963ರಲ್ಲಿ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಇದೇ ರೇಖೆ ಹತ್ತಿರ ಇದೆ ಅಂತ. ಹಾಗಾಗಿ ಅಮೆರಿಕಕ್ಕೆಂದು ಕೊಟ್ಟ ತೂಕ ಇಲ್ಲಿ ಹೆಚ್ಚಾಗಿ ಮುಳ್ಳು ಒಂದು ಕಡೆ ವಾಲುತ್ತದೆ.

ವಿದೇಶದಿಂದ ತರಿಸುವವರು ಮೊದಲು ಕೇಳಬೇಕಾದ್ದು ಇದನ್ನೇ. ನಮ್ಮ ವಲಯಕ್ಕೆ ತೂಗಿಸಿದ ಮುಳ್ಳಾ, ಅಥವಾ ಎಲ್ಲ ವಲಯಕ್ಕೂ ಆಗುವ ಗ್ಲೋಬಲ್ ನೀಡಲ್ ಇದೆಯಾ? ಸುಂಟೋ ಕಂಪನಿಯ ಎಂಸಿ-2 ಮಾದರಿಯಲ್ಲಿ ಹೆಸರಿನ ಕೊನೆಗೆ ‘ಜಿ’ ಅಂತ ಇದ್ದರೆ ಅದು ಗ್ಲೋಬಲ್. ಬೆಲೆ ಜಾಸ್ತಿಯೇ. ಆದರೆ ಕೈ ಸ್ವಲ್ಪ ಓರೆಯಾದರೂ ಮುಳ್ಳು ಸಲೀಸಾಗಿ ತಿರುಗುತ್ತದೆ. ಊರೂರು ತಿರುಗುವವರಿಗೆ ಆ ದುಡ್ಡು ದಂಡವಲ್ಲ.

ಅಂಗಡಿಯಲ್ಲಿ ಕೊಳ್ಳುವುದಾದರೆ ಕಬ್ಬಿಣದ ರ‍್ಯಾಕಿನ ಪಕ್ಕ ನಿಂತು ನೋಡಬೇಡಿ. ಹೊರಗೆ ಬನ್ನಿ, ಸ್ಕೂಟರುಗಳಿಂದ ದೂರ ನಿಲ್ಲಿ, ಮೊಬೈಲ್ ಬೇರೆಯವರ ಕೈಗೆ ಕೊಡಿ. ಕಂಪಾಸನ್ನು ಅಂಗೈಯಲ್ಲಿ ಮಟ್ಟವಾಗಿ ಹಿಡಿದು, ಬೀಗದ ಕೈ ಹತ್ತಿರ ತಂದು ಮುಳ್ಳನ್ನು ಆಡಿಸಿ, ಆಮೇಲೆ ಬೀಗದ ಕೈ ದೂರ ಮಾಡಿ. ಕೆಲವೇ ಸೆಕೆಂಡಿನಲ್ಲಿ ಮುಳ್ಳು ಮೊದಲಿದ್ದ ಗೆರೆಗೇ ವಾಪಸ್ಸು ಬರಬೇಕು. ಇದನ್ನು ಮತ್ತೆ ಮತ್ತೆ ಮಾಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಬಿಟ್ಟುಬಿಡಿ. ಒಳಗೆ ದ್ರವ ತುಂಬಿದ್ದನ್ನೇ ಕೊಳ್ಳಿ, ಇಲ್ಲದಿದ್ದರೆ ಮುಳ್ಳು ನಿಲ್ಲದೆ ಓಲಾಡುತ್ತದೆ. ಹೊಸದರಲ್ಲೇ ಗಾಳಿಗುಳ್ಳೆ ಕಂಡರೆ ಬೇಡ. ಎತ್ತರದ, ಚಳಿಯ ಜಾಗದಲ್ಲಿ ಸಣ್ಣ ಗುಳ್ಳೆ ಬಂದು ಕೆಳಗಿಳಿದ ಮೇಲೆ ಹೋಗುವುದು ಸಹಜ. ಹೋಗದೆ ದಿನದಿನಕ್ಕೂ ದೊಡ್ಡದಾದರೆ ಸೋರುತ್ತಿದೆ ಅಂತ ಅರ್ಥ.

ಪಾರದರ್ಶಕ ಬೇಸ್‌ಪ್ಲೇಟ್ (ಅಡಿಯ ಚಪ್ಪಟೆ ತಟ್ಟೆ) ಇರುವುದೇ ಚಾರಣಕ್ಕೆ ಸರಿ, ನಕ್ಷೆಯ ಮೇಲಿಟ್ಟು ಕೆಲಸ ಮಾಡಬಹುದು. ಹಿತ್ತಾಳೆಯ ಕಂಪಾಸುಗಳು ನೋಡಲು ಮುದ್ದಾಗಿರುತ್ತವೆ, ಉಡುಗೊರೆಗೆ ಇರಲಿ. ಕೀಚೈನಿಗೆ ನೇತುಹಾಕುವ ಪುಟ್ಟದನ್ನು ನಂಬಿ ಯಾರೂ ಕಾಡಿಗೆ ಹೋಗಬಾರದು. ಅಂಚಿನ ಅಳತೆಪಟ್ಟಿಯನ್ನೂ ನೋಡಿ. ಅಮೆರಿಕದ್ದರಲ್ಲಿ 1:24,000 ಇರುತ್ತದೆ. ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು 1:50,000, ಅಂದರೆ ನಕ್ಷೆಯ 2 ಸೆಂಟಿಮೀಟರಿಗೆ ನೆಲದ ಮೇಲೆ 1 ಕಿಲೋಮೀಟರ್. ನಿಜ ಉತ್ತರಕ್ಕೂ ಮುಳ್ಳು ತೋರಿಸುವ ಉತ್ತರಕ್ಕೂ ಮೈಸೂರು ಸೀಮೆಯಲ್ಲಿ ಇರುವ ವ್ಯತ್ಯಾಸ 2 ಡಿಗ್ರಿಗಿಂತ ಕಡಿಮೆ. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ. ಇಲ್ಲಿನ ಸಣ್ಣ ನಡಿಗೆಗೆ ಆ ವ್ಯತ್ಯಾಸ ತಿದ್ದುವ ಸ್ಕ್ರೂ ಇರುವ ಕಂಪಾಸೇ ಬೇಕು ಅಂತೇನಿಲ್ಲ.

ಈಗ ಬೆಟ್ಟದ ಮೇಲೆ ಮಾಡುವ ಅಭ್ಯಾಸ. ಕುಂತಿಬೆಟ್ಟದಿಂದ ಉತ್ತರಕ್ಕೆ ತೊಣ್ಣೂರು ಕೆರೆ, ಅದೇ ಕಡೆ ಇನ್ನೂ ಆಚೆ ಮೇಲುಕೋಟೆ. ದಕ್ಷಿಣಕ್ಕೆ ಶ್ರೀರಂಗಪಟ್ಟಣ, ಕರಿಘಟ್ಟ, ಆಕಾಶ ತಿಳಿಯಾಗಿದ್ದರೆ ಚಾಮುಂಡಿ ಬೆಟ್ಟ. ಮೊದಲು ನಕ್ಷೆಯಲ್ಲಿ ನೀವು ನಿಂತ ಜಾಗದಿಂದ ಕರಿಘಟ್ಟಕ್ಕೆ ಎಷ್ಟು ಡಿಗ್ರಿ ಅಂತ ತೆಗೆದು ಬರೆದುಕೊಳ್ಳಿ. ಆಮೇಲೆ ಕಂಪಾಸ್ ಹಿಡಿದು ಕಣ್ಣಳತೆಯಲ್ಲಿ ನೋಡಿ. ಎರಡು ಮೂರು ಡಿಗ್ರಿ ಆಚೀಚೆ ಇದ್ದರೆ ಕಂಪಾಸೂ ಸರಿ, ಕೈಯೂ ಸರಿ. ಮೇಲುಕೋಟೆಗೂ ಹಾಗೇ ಮಾಡಿ. ಇಬ್ಬರಿದ್ದರೆ ಬೇರೆ ಬೇರೆ ನೋಡಿ ಆಮೇಲೆ ತಾಳೆ ಹಾಕಿ.

ಈ ನೆಲಕ್ಕೂ ಕಂಪಾಸಿಗೂ ಹಳೆಯ ನಂಟಿದೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತಿಗೆ ಒಂದು ರಾತ್ರಿ ಬ್ರಿಟಿಷ್ ಜನರಲ್ ಬೇರ್ಡ್‌ನ ತುಕಡಿ ತನ್ನ ಪಾಳೆಯಕ್ಕೆ ಮರಳುವ ಬದಲು ಟಿಪ್ಪುವಿನ ಸೈನ್ಯದ ಕಡೆಗೇ ಹೊರಟಿತ್ತು. ಜೊತೆಗಿದ್ದ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದ. ಬೇರ್ಡ್ ಕೇಳಲಿಲ್ಲ. ಕೊನೆಗೆ ಬೆಳಕು ತರಿಸಿ ಕಂಪಾಸ್ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿಯಾಗಿತ್ತು. ಮುಂದೆ 1802ರಲ್ಲಿ ಭಾರತದ ನೆಲವನ್ನು ತ್ರಿಕೋನಗಳಾಗಿ ಅಳೆದ ಮಹಾ ತ್ರಿಕೋನಮಿತಿ ಸರ್ವೆ ಶುರುಮಾಡಿದ್ದು ಇದೇ ಲ್ಯಾಂಬ್ಟನ್. ಬೆಟ್ಟದ ಮೇಲೆ ನಿಂತು ಹುಡುಗನಿಗೆ ಇದನ್ನು ಹೇಳಿದಾಗ ಅವನು ತಿರುಗಿ ಶ್ರೀರಂಗಪಟ್ಟಣದ ಕಡೆಗೊಮ್ಮೆ ಮುಳ್ಳು ಹಿಡಿದು ನೋಡಿದ.

ಅವನಿಗೆ ಗ್ಲೋಬಲ್ ನೀಡಲ್ ಇರುವುದನ್ನೇ ಕೊಳ್ಳಲು ಹೇಳಿದ್ದೇನೆ. ಮೊಬೈಲಿನ ಕಂಪಾಸ್ ಜೊತೆಗಿರಲಿ, ಆದರೆ ಬ್ಯಾಟರಿ ಮುಗಿದರೆ ಅದೂ ಮುಗಿಯಿತು. ಎರಡನ್ನೂ ಒಂದೇ ಜೇಬಲ್ಲಿ ಇಡಬೇಡಿ. ಮೊಬೈಲ್, ಸ್ಪೀಕರ್, ಅಯಸ್ಕಾಂತದ ಕವರ್ ಪಕ್ಕ ಹೆಚ್ಚು ದಿನ ಇದ್ದರೆ ಮುಳ್ಳಿನ ಕಾಂತವೇ ತಿರುವುಮುರುವಾಗಿ ಕೆಂಪು ತುದಿ ದಕ್ಷಿಣಕ್ಕೆ ನಿಲ್ಲಬಹುದು. ಹಾಗಾಗಿ ಪ್ರತಿ ಚಾರಣಕ್ಕೂ ಹಿಂದಿನ ದಿನ ಬೆಳಗ್ಗೆ ಬಯಲಿಗೆ ಹೋಗಿ, ಸೂರ್ಯ ಹುಟ್ಟುವ ದಿಕ್ಕನ್ನು ಬಲಕ್ಕಿಟ್ಟುಕೊಂಡು ಕೆಂಪು ತುದಿ ಎದುರಿಗೆ ಬರುತ್ತದಾ ನೋಡಿಕೊಳ್ಳಿ. ಮನೆಯ ತಾರಸಿ ಬೇಡ, ಅದರೊಳಗೆ ಕಬ್ಬಿಣದ ಸರಳುಗಳಿರುತ್ತವೆ.